ಎಣ್ಣೆ ಹೊಡೆಯುವ ಮೊದಲು ರೋಗ ಯಾವುದು ನೋಡ್ರಿ
(ಬಾದನಹಟ್ಟಿಯಲ್ಲಿ ಮೆಣಸಿನಕಾಯಿ ಬೆಳೆಗಾರರ ಮುಂದೆ ಮಾಡಿದ ಭಾಷಣ)



ಮೆಣಸಿನಕಾಯಿ ಹೊಲದಲ್ಲಿ ಸಾಲ ಹೇಗೆ ಬೆಳೆಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಎಲೆ ಮುದುಡಿತು, ಹಣ್ಣಿಗೆ ಚುಕ್ಕಿ ಬಿತ್ತು ಅಂದರೆ ಅಂಗಡಿಗೆ ಓಡುತ್ತೇವೆ. ಅಂಗಡಿಯವನು ಹೊಲ ನೋಡಿಲ್ಲ, ಗಿಡ ನೋಡಿಲ್ಲ. ಮೂರು ಡಬ್ಬಿ ಕೊಟ್ಟು ‘ಕೂಡಿಸಿ ಹೊಡೀರಿ’ ಅಂತಾನೆ, ಉದ್ರಿ ಬರಕೊಳ್ತಾನೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ರೈತರ ಸಿಟ್ಟು ಎಲ್ಲಿಗೆ ಮುಟ್ಟಿತು, ಕಂಡಿದ್ದೀರಿ. ಬೆಲೆಯ ಹೋರಾಟ ಇದ್ದೇ ಇದೆ. ಡಬ್ಬಿಯ ಖರ್ಚು ಮಾತ್ರ ನಮ್ಮ ಕೈಯಲ್ಲೇ ಐತಿ.

ಶಿಲೀಂಧ್ರ ಅಂದರೆ ಬೇರೇನಲ್ಲ, ಹಳಸಿದ ರೊಟ್ಟಿ ಮೇಲೆ ಬರುವ ಬೂಷ್ಟಿನ ಬಳಗ. ಹಣ್ಣುಗಾಯಿ ಮೇಲೆ ತಗ್ಗು ಬಿದ್ದ ಕಲೆ, ಅದರೊಳಗೆ ಉಂಗುರ ಉಂಗುರವಾಗಿ ಕಪ್ಪು ಚುಕ್ಕಿ ಇದ್ದರೆ ಅದು ಚಿಬ್ಬು ರೋಗ. ಟೊಂಗೆ ತುದಿಯಿಂದ ಒಣಗುತ್ತ ಬರುವುದೂ ಅದರದೇ ಕೆಲಸ. ಕೊಲೆಟೋಟ್ರೈಕಮ್ ಎಂಬ ಕುಲ. ಸ್ಟ್ರಾಬೆರಿ ಹಣ್ಣು ಕೊಳೆಸುವವರಲ್ಲೂ ಇದರ ದಾಯಾದಿಗಳಿದ್ದಾರೆ. ಮೆಣಸಿನಕಾಯಿಯದನ್ನು 1913ರಲ್ಲೇ ಕೊಯಮತ್ತೂರಿನ ಕಾಯಿಯಿಂದ ಗುರುತಿಸಿ ಹೆಸರಿಟ್ಟರು. ಆಗ ನಮ್ಮ ಬಳ್ಳಾರಿಯೂ ಅದೇ ಮದ್ರಾಸ್ ಪ್ರಾಂತದೊಳಗಿತ್ತು.

ಬಿಸಿಲಿಗೆ ಸುಟ್ಟ ಕಾಯಿಯೂ ಬಿಳಿಚುತ್ತದೆ. ಅನುಮಾನ ಬಂದರೆ ಒಂದು ಕಾಯಿಯನ್ನು ತೋಯ್ಸಿದ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿಡಿ. ಎರಡು ಮೂರು ದಿನಕ್ಕೆ ಕಲೆಯ ಮೇಲೆ ನಸುಗೆಂಪು ಲೋಳೆ ಎದ್ದರೆ ಚಿಬ್ಬೇ ಸೈ. ಬರೀ ಕರಿ ಬೂಷ್ಟು ಬಂದರೆ, ಅದು ಸುಟ್ಟ ಸಿಪ್ಪೆ ಮೇಲೆ ಆಮೇಲೆ ಬಂದು ಕೂತದ್ದಿರಬಹುದು. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ.

ಬೂದಿ ರೋಗಕ್ಕೆ ಎಲೆ ತಿರುವಿ ನೋಡಬೇಕು, ಬಿಳಿ ಪುಡಿ ಕೆಳಗಡೆ ಇರ್ತದೆ. ಬುಡದಲ್ಲಿ ಬಿಳಿ ಎಳೆ, ಸಾಸಿವೆ ಕಾಳಿನಂಥ ಗುಂಡು ಕಂಡರೆ ಅದೂ ಶಿಲೀಂಧ್ರವೇ. ಎಲೆಗೆ ಹೊಡೆದ ಎಣ್ಣೆ ಅದಕ್ಕೆ ಮುಟ್ಟುವುದಿಲ್ಲ.

ಇನ್ನು ಮುಟುರು. ಎಲೆ ಮೇಲಕ್ಕೆ ದೋಣಿ ಹಾಗೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಇವು ಹುಳ, ಬೂಷ್ಟಲ್ಲ. ಚಿಬ್ಬಿನ ಎಣ್ಣೆ ಎಷ್ಟು ಸಲ ಹೊಡೆದರೂ ರೊಕ್ಕ ಮಣ್ಣುಪಾಲು. 2021ರಲ್ಲಿ ಕರಿ ಥ್ರಿಪ್ಸ್ ಹೂವಿಗೆ ಬಿದ್ದಾಗ ಕೈಗೆ ಸಿಕ್ಕ ಡಬ್ಬಿಯೆಲ್ಲ ಹೊಡೆದವರು ಇಲ್ಲೇ ಕೂತಿದ್ದೀರಿ.

ಆದರೂ ತಿಳಿಯದಿದ್ದರೆ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಸಿರುಗುಪ್ಪದ ಸಂಶೋಧನಾ ಕೇಂದ್ರಕ್ಕೋ ಒಯ್ಯಿರಿ. ಪೂರ್ತಿ ಕೊಳೆತದ್ದು ಬೇಡ, ರೋಗ ಈಗ ಹತ್ತಿದ ಕಾಯಿ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ, ಕಾಗದದಲ್ಲಿ ಸುತ್ತಿರಿ. ಹಿಂದೆ ಏನೇನು ಹೊಡೆದಿದ್ದೀರಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚುಕ್ಕಿ ಬಿದ್ದ ಹಣ್ಣಿನ ಬೀಜ ಮಾತ್ರ ಇಟ್ಟುಕೋಬ್ಯಾಡ್ರಿ, ರೋಗ ಬೀಜದ ಜೊತೆಗೇ ಮುಂದಿನ ಸಸಿಮಡಿಗೆ ಬರ್ತದೆ.