ಸೆಸುವಿಯಂ: ಹೆಸರು ತಿದ್ದಿಸಿಕೊಂಡ ಕಡಲದಡದ ಸಸ್ಯ
(ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಸಸ್ಯಗಳ ವರ್ಗೀಕರಣವನ್ನು ಕುರಿತು ಮಾತನಾಡುವ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ಹಲವು ವರ್ಷಗಳ ಹಿಂದೆ ಕಾಸರಗೋಡು ಸೀಮೆಯ ಒಂದು ಶಾಲೆಯಲ್ಲಿ ಮಾದರಿ ಪಾಠ ಮಾಡುತ್ತಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಅಳಿವೆಯ ದಡದಿಂದ ದಪ್ಪ ಎಲೆಯ ಗಿಡವೊಂದನ್ನು ತಂದು ಹೆಸರು ಕೇಳಿದಳು. ಅದನ್ನು ಕೈಗೆ ತೆಗೆದುಕೊಳ್ಳದೆಯೇ “ಗೋಣಿಸೊಪ್ಪು” ಎಂದುಬಿಟ್ಟೆ. ಅವಳು, “ನಮ್ಮ ಹಿತ್ತಿಲಿನ ಗೋಣಿಸೊಪ್ಪಿನ ಹೂ ಹಳದಿ ಅಲ್ಲವಾ ಮಾಷ್ಟ್ರೇ? ಇದರದ್ದು ಗುಲಾಬಿ” ಎಂದಳು. ಉತ್ತರ ತೋಚದೆ ಪಾಠವನ್ನು ಮುಂದುವರಿಸಿದೆ. ಆ ಮಗು ಗಿಡವನ್ನು ಮೆಲ್ಲನೆ ಕಿಟಕಿಯಾಚೆ ಹಾಕಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆ ಗಿಡ ಸೆಸುವಿಯಂ ಪೋರ್ಚುಲಕಾಸ್ಟ್ರಂ. ನಾನು ಮಾಡಿದ ತಪ್ಪಿಗೂ ಒಂದು ಇತಿಹಾಸವುಂಟೆಂದು ಅನಂತರ ತಿಳಿಯಿತು. 1753ರಲ್ಲಿ ಕಾರ್ಲ್ ಲಿನೇಯಸ್ ಈ ಸಸ್ಯವನ್ನು ಗೋಣಿಸೊಪ್ಪಿನ ಕುಲವಾದ ಪೋರ್ಚುಲಕಾದಲ್ಲಿಯೇ ಇರಿಸಿದ್ದರು. ಆರು ವರ್ಷಗಳ ತರುವಾಯ, 1759ರಲ್ಲಿ, ಅವರೇ ಅದನ್ನು ಸೆಸುವಿಯಂ ಎಂಬ ಬೇರೊಂದು ಕುಲಕ್ಕೆ ಸೇರಿಸಿದರು. ಆದರೆ ಪ್ರಭೇದದ ಹೆಸರು ಹಾಗೆಯೇ ಉಳಿಯಿತು. ಪೋರ್ಚುಲಕಾಸ್ಟ್ರಂ ಎಂದರೆ ಪೋರ್ಚುಲಕಾವನ್ನು ಹೋಲುವುದು ಎಂದರ್ಥ. (ನಾನಿಲ್ಲಿ ಕುಲ ಎಂದದ್ದನ್ನು ಕೆಲವು ಪಠ್ಯಪುಸ್ತಕಗಳು ಜಾತಿ ಎನ್ನುತ್ತವೆ, ಮಕ್ಕಳಿಗೆ ಎರಡೂ ಪದಗಳ ಪರಿಚಯವಿರಲಿ.)

ಹಾಗಾದರೆ ಭೇದವೆಲ್ಲಿದೆ? ಸೆಸುವಿಯಂನ ಎಲೆಗಳು ಗೆಣ್ಣಿನಲ್ಲಿ ಎದುರುಬದುರಾಗಿ ಜೋಡಿಯಾಗಿರುತ್ತವೆ. ಗೋಣಿಸೊಪ್ಪಿನ ಎಲೆಗಳು ಬಹುಮಟ್ಟಿಗೆ ಪರ್ಯಾಯವಾಗಿದ್ದು, ಕವಲಿನ ತುದಿಯಲ್ಲಿ ಗುಂಪುಗೂಡುತ್ತವೆ. ಗೋಣಿಸೊಪ್ಪಿನ ಹೂವಿಗೆ ಎರಡು ಪುಷ್ಪಪತ್ರಗಳೂ ಸಾಮಾನ್ಯವಾಗಿ ಐದು ಹಳದಿ ದಳಗಳೂ ಇವೆ. ಸೆಸುವಿಯಂನಲ್ಲಿ ನಿಜವಾದ ದಳಗಳೇ ಇಲ್ಲ! ಹೊರಗೆ ಹಸಿರು, ಒಳಗೆ ಗುಲಾಬಿ ಬಣ್ಣವುಳ್ಳ ಐದು ಖಂಡಗಳೇ ದಳದಂತೆ ತೋರುತ್ತವೆ. ಪ್ರತಿ ಖಂಡದ ಬೆನ್ನಿಗೆ, ತುದಿಯ ಸಮೀಪ, ಚಿಕ್ಕ ಕೊಂಬಿನಂತಹ ಮೊನೆಯಿದೆ. ಇದರ ಅಂಡಾಶಯ ಉಚ್ಚಸ್ಥಾನೀಯ, ಗೋಣಿಸೊಪ್ಪಿನದು ಅರ್ಧ ನೀಚಸ್ಥಾನೀಯ. ಎರಡರ ಕಾಯಿಯೂ ಡಬ್ಬಿಯ ಮುಚ್ಚಳದಂತೆ ಅಡ್ಡಲಾಗಿ ಬಿರಿಯುವುದರಿಂದ, ಕಾಯಿಯನ್ನಷ್ಟೇ ನೋಡಿದವರು ಮೋಸಹೋಗುವುದು ಸಹಜ.

ಇಂದು ಸೆಸುವಿಯಂ ಐಜೋಏಸಿ ಕುಟುಂಬಕ್ಕೆ ಸೇರಿದೆ. ದಕ್ಷಿಣ ಆಫ್ರಿಕಾದಲ್ಲಿ ಬೆಣಚುಕಲ್ಲಿನಂತೆ ಕಾಣುವ ಲಿಥಾಪ್ಸ್ ಇದೇ ಕುಟುಂಬದ್ದು. ಗೋಣಿಸೊಪ್ಪು ಪೋರ್ಚುಲಕೇಸಿ ಕುಟುಂಬದ್ದು. ಎರಡು ಕುಟುಂಬಗಳೂ ಕ್ಯಾರಿಯೋಫಿಲೇಲ್ಸ್ ಗಣದಲ್ಲಿ ಬರುವುದರಿಂದ ಇವು ದೂರದ ನಂಟರು. ಡಿಎನ್‌ಎ ಅಧ್ಯಯನಗಳ ಬಳಿಕ ಸಿಪ್ಸೀಲಿಯಾ ಎಂಬ ಸಣ್ಣ ಕುಲವನ್ನೂ ಸೆಸುವಿಯಂನಲ್ಲಿ ವಿಲೀನಗೊಳಿಸಲಾಗಿದೆ. ವರ್ಗೀಕರಣವು ಮುಗಿದುಹೋದ ಪಟ್ಟಿಯಲ್ಲ, ಪುರಾವೆ ದೊರೆತಂತೆ ತಿದ್ದುತ್ತ ಹೋಗುವ ಕೆಲಸ.

ಈ ಗಿಡದ ಬಾಳುವೆಯೂ ಪಾಠಕ್ಕೆ ಯೋಗ್ಯವಾದುದು. ಮರಳದಂಡೆ, ಹಿನ್ನೀರಿನ ಅಂಚು, ಕಾಂಡ್ಲಾ ಕಾಡಿನ ಬದಿ, ಗೋವೆಯ ಖಾಜಣ ಗದ್ದೆಗಳ ಬದು ಇದರ ನೆಲೆ. ನೆಲದ ಮೇಲೆ ಹರಿದು ಗೆಣ್ಣುಗಳಲ್ಲಿ ಬೇರುಬಿಟ್ಟು ಮರಳನ್ನು ಹಿಡಿದಿಡುತ್ತದೆ. ಕಾಂಡ್ಲಾ ಗಿಡಗಳಲ್ಲಿ ಅವಿಸೀನಿಯಾ ಎಲೆಯ ಗ್ರಂಥಿಗಳ ಮೂಲಕ ಉಪ್ಪನ್ನು ಹೊರಹಾಕುತ್ತದೆ; ಸೆಸುವಿಯಂ ಹಾಗಲ್ಲ. ಅದು ಉಪ್ಪನ್ನು ಜೀವಕೋಶಗಳ ರಸದಾನಿಗಳಲ್ಲಿ ಕೂಡಿಟ್ಟು, ಅದರ ಬಲದಿಂದಲೇ ಉಪ್ಪುನೆಲದಿಂದ ನೀರನ್ನು ಸೆಳೆದುಕೊಳ್ಳುತ್ತದೆ. ಎಲೆಯ ಕೊಬ್ಬಿದ ತಿರುಳಿನ ಮರ್ಮ ಇದೇ.

ಕಡಲಿಲ್ಲದ ಅಕ್ಕಲಕೋಟೆಯಲ್ಲಿ, ಆದೋನಿಯಲ್ಲಿ ಈ ಪಾಠ ಹೇಗೆ ಎಂದು ಕೆಲವರು ಕೇಳಬಹುದು. ಒಳನಾಡಿನ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಟ್ರಯಾಂಥೆಮಾ ಪೋರ್ಚುಲಕಾಸ್ಟ್ರಂ ಸೆಸುವಿಯಂನ ಹತ್ತಿರದ ಬಂಧು. ಪ್ರಭೇದದ ಹೆಸರೂ ಅದೇ. ಅದರ ಜೋಡಿ ಎಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೂವು ಎಲೆತೊಟ್ಟಿನ ಬುಡದಲ್ಲಿ ಅರ್ಧ ಅಡಗಿರುತ್ತದೆ. ಅದನ್ನೂ ಗೋಣಿಸೊಪ್ಪನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇರಿಸಿ, ಒಂದು ಭೂತಗನ್ನಡಿ ಕೊಡಿ. ಎಲೆಗಳ ಜೋಡಣೆ ಹೇಗಿದೆ, ದಳಗಳಿವೆಯೇ, ಕಾಯಿ ಹೇಗೆ ಬಿರಿಯುತ್ತದೆ ಎಂಬ ಮೂರು ಪ್ರಶ್ನೆಗಳು ಸಾಕು. ಮಕ್ಕಳು ಕಂಡದ್ದನ್ನು ತಮ್ಮ ಕನ್ನಡ ವಾಕ್ಯಗಳಲ್ಲಿ ಬರೆಯಲಿ. ಯಾವುದನ್ನೂ ರುಚಿ ನೋಡಗೊಡಬೇಡಿ.

ಬಳಿಕ ಊರಿನ ಹೆಸರುಗಳನ್ನು ಸಂಗ್ರಹಿಸಿರಿ. ಗೋಣಿಸೊಪ್ಪು ಸೊಲ್ಲಾಪುರದ ಸಂತೆಯಲ್ಲಿ ಘೋಳ್, ತೆಲುಗರ ಅಡುಗೆಮನೆಯಲ್ಲಿ ಗಂಗವಾಯಿಲಿ ಕೂರ, ತಮಿಳಿನಲ್ಲಿ ಪರುಪ್ಪುಕೀರೈ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ವೈಜ್ಞಾನಿಕ ಹೆಸರಿನ ಅಗತ್ಯ ಏನೆಂಬುದು ಈ ಪಟ್ಟಿಯಿಂದಲೇ ಮನದಟ್ಟಾಗುತ್ತದೆ.

ಲಿನೇಯಸ್ ತಮ್ಮ ನಿರ್ಣಯವನ್ನು ಬದಲಿಸಲು ಆರು ವರ್ಷ ತೆಗೆದುಕೊಂಡರು. ಅಂದು ನಾನು “ತಿಳಿಯದಮ್ಮ, ಬಾ, ಕೂಡಿ ನೋಡೋಣ” ಎಂದಿದ್ದರೆ ಸಾಕಾಗಿತ್ತು. ಆ ಮಾತನ್ನು ನೀವು ನಿಮ್ಮ ತರಗತಿಗಳಲ್ಲಿ ಹಿಂಜರಿಯದೆ ಆಡುವಿರೆಂದು ನಂಬಿದ್ದೇನೆ.