ಮಂಗಳನಲ್ಲೊಂದು ಮನೆ



ಮನೆ ಕಟ್ಟುವಾಗ ನಮ್ಮ ಮೇಸ್ತ್ರಿಗಳಿಗೆ ಭಾರದ್ದೇ ಚಿಂತೆ. ಪಾಯ ಇಳಿಯಬಾರದು, ತಾರಸಿ ಕುಸಿಯಬಾರದು. ಮಂಗಳ ಗ್ರಹದಲ್ಲಿ ಮನೆ ಕಟ್ಟಬೇಕೆನ್ನುವ ಎಂಜಿನಿಯರನ್ನು ಕಾಡುವ ಚಿಂತೆ ಇದಕ್ಕೆ ತೀರಾ ತಿರುಗುಮುರುಗು: ತಾರಸಿ ಮೇಲಕ್ಕೆ ಕಿತ್ತುಹೋಗದಂತೆ ಹಿಡಿದಿಡುವುದು ಹೇಗೆ?

ಇದಕ್ಕೆಲ್ಲ ಕಾರಣ ಗಾಳಿ. ಮಂಗಳನ ವಾತಾವರಣದ ಒತ್ತಡ ನಮ್ಮದರ ಶೇಕಡಾ ಒಂದರಷ್ಟೂ ಇಲ್ಲ. ಮನೆಯೊಳಗೆ ಮಾತ್ರ ಉಸಿರಾಡುವಷ್ಟು ಗಾಳಿ ತುಂಬಿರಲೇಬೇಕು. ಭೂಮಿಯ ಒತ್ತಡವನ್ನೇ ಒಳಗಿಟ್ಟುಕೊಂಡರೆ ಆ ಗಾಳಿ ಪ್ರತಿ ಚದರ ಮೀಟರ್ ಗೋಡೆಯನ್ನೂ ಸುಮಾರು 10 ಟನ್ ಬಲದಿಂದ ಹೊರಕ್ಕೆ ದೂಡುತ್ತದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಸಣ್ಣ ಕೋಣೆಯನ್ನೇ ತೆಗೆದುಕೊಳ್ಳಿ. ಅದರ ಚಾವಣಿಯನ್ನು ಕೆಳಗಿನಿಂದ 120 ಟನ್ ಒತ್ತುತ್ತಿರುತ್ತದೆ! ಚಪ್ಪಟೆ ಚಾವಣಿಗೆ, ಚೌಕ ಮೂಲೆಗಳಿಗೆ ಇದನ್ನು ತಾಳಿಕೊಳ್ಳುವುದು ಬಲು ಕಷ್ಟ. ಆದ್ದರಿಂದಲೇ ವಿನ್ಯಾಸಕಾರರು ಗುಮ್ಮಟ, ಕೊಳವೆ, ಅಂಡಾಕಾರಗಳನ್ನು ಆರಿಸಿಕೊಳ್ಳುತ್ತಾರೆ. ನಾಸಾದ ಸ್ಪರ್ಧೆಯಲ್ಲಿ 2019ರಲ್ಲಿ ಗೆದ್ದ ‘ಮಾರ್ಷಾ’ ಎಂಬ ಮನೆಯೂ ಎತ್ತರವಾದ ಅಂಡಾಕಾರದ್ದು.

ಇನ್ನು ವಿಕಿರಣ. ಕ್ಯೂರಿಯಾಸಿಟಿ ನೌಕೆ ಅಲ್ಲಿನ ನೆಲದ ಮೇಲೆ ಅಳೆದದ್ದು ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್. ನಮಗೆ ನಿಸರ್ಗದಿಂದ ಒಂದು ವರ್ಷದಲ್ಲಿ ಬರುವಷ್ಟು ವಿಕಿರಣ ಅಲ್ಲಿ ನಾಲ್ಕೇ ದಿನಕ್ಕೆ ಮೈಗೆ ತಾಗುತ್ತದೆ. ತಡೆಯಲು ದಪ್ಪ ಗೋಡೆ ಬೇಕು. ಅಷ್ಟು ಸಾಮಾನನ್ನು ಇಲ್ಲಿಂದ ರಾಕೆಟ್‌ನಲ್ಲಿ ಹೊರುವುದು ಆಗದ ಮಾತು, ಅಲ್ಲಿನ ಮಣ್ಣೇ ಗತಿ.

ಈ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ನನಗೆ ಬಹಳ ಹಿಡಿಸಿತು. ಇಸ್ರೋ ಜೊತೆಗೂಡಿ ಅಲ್ಲಿನ ಸಂಶೋಧಕರು 2022ರಲ್ಲಿ ಒಂದು ಇಟ್ಟಿಗೆಯ ವಿವರ ಪ್ರಕಟಿಸಿದರು. ಮಂಗಳನ ಮಣ್ಣನ್ನು ಹೋಲುವ ಕೃತಕ ಮಣ್ಣಿಗೆ ಗೋರಿಕಾಯಿ ಬೀಜದ ಅಂಟು, ಯೂರಿಯಾ, ಜೊತೆಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಬೆರೆಸಿ ಅಚ್ಚಿಗೆ ಹಾಕುವುದು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದಾಗ ಹುಟ್ಟುವ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಮಣ್ಣಿನ ಕಣಗಳನ್ನು ಬೆಸೆಯುತ್ತವೆ. ಗೂಡು ಹಾಕಿ ಸುಡುವ ಗೋಜಿಲ್ಲ. ಆದರೆ ಕಬ್ಬಿಣದ ಅಂಶ ಹೆಚ್ಚಿರುವ ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಮೊದಮೊದಲು ಬೆಳೆಯಲೇ ಇಲ್ಲ. ನಿಕೆಲ್ ಕ್ಲೋರೈಡ್ ಸೇರಿಸಿದ ಮೇಲೆ ಒಗ್ಗಿಕೊಂಡಿತು. ಇಂಥ ಇಟ್ಟಿಗೆ ವಿಕಿರಣವನ್ನು ತಡೆದೀತು, ಗಾಳಿಯನ್ನು ಹಿಡಿದಿಡಲಾರದು. ಒಳಗೆ ಸೋರದ ಪದರವೊಂದು ಬೇಕೇ ಬೇಕು.

ಗೋಡೆಯಾಯಿತು. ಒಳಗಿರುವವರ ಮನಸ್ಸು? ಅದನ್ನು ಅರಿಯಲೆಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ನಾಸಾ ‘ಮಾರ್ಸ್ ಡ್ಯೂನ್ ಆಲ್ಫಾ’ ಎಂಬ 1,700 ಚದರಡಿಯ ಮನೆಯನ್ನು ಯಂತ್ರದಿಂದ ಪದರಪದರವಾಗಿ ಮುದ್ರಿಸಿ ಕಟ್ಟಿಸಿದೆ. 2023ರ ಜೂನ್‌ನಿಂದ 2024ರ ಜುಲೈವರೆಗೆ ನಾಲ್ವರು ಅದರಲ್ಲಿ 378 ದಿನ ಇದ್ದರು. ಹೊರಗೆ ಕಾಲಾಡಲು ಅವರಿಗಿದ್ದದ್ದು ಕೆಂಪು ಮರಳು ಹರವಿದ 1,200 ಚದರಡಿಯ ಅಂಗಳ, ಅಂದರೆ ಬೆಂಗಳೂರಿನ ಒಂದು ಮೂವತ್ತು-ನಲವತ್ತರ ಸೈಟು. ಹೊರಗಿನವರ ಜೊತೆ ಮಾತಿಗೂ ಮಂಗಳನ ದೂರಕ್ಕೆ ತಕ್ಕ ವಿಳಂಬ: ಸಂದೇಶ ತಲುಪಲು 22 ನಿಮಿಷದವರೆಗೆ, ಉತ್ತರ ಬರಲು ಮತ್ತೆ ಅಷ್ಟೇ.

ಆ ಮನೆಯ ನಕ್ಷೆ ನೋಡಿ: ಒಂದು ತುದಿಗೆ ನಾಲ್ವರಿಗೂ ಬೇರೆಬೇರೆ ಮಲಗುವ ಕೋಣೆ, ಇನ್ನೊಂದು ತುದಿಗೆ ಕೆಲಸದ ಜಾಗ, ನಡುವೆ ಎಲ್ಲರೂ ಸೇರುವ ತಾಣ. ಚಾವಣಿಯ ಎತ್ತರವೂ ಎಲ್ಲ ಕಡೆ ಒಂದೇ ಅಲ್ಲ; ಕೋಣೆಯಿಂದ ಕೋಣೆಗೆ ಹೋದಾಗ ಜಾಗ ಬದಲಾದಂತೆ ಅನ್ನಿಸಲಿ ಎಂದು. ಅಳತೆ ಕಡಿತಗೊಳಿಸಲೇಬೇಕಾಗಿ ಬಂದರೆ ಕೆಲಸದ ಜಾಗವನ್ನು ಕಿರಿದು ಮಾಡಲಿ, ಆ ನಾಲ್ಕು ಕೋಣೆಗಳ ತಂಟೆಗೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಮನಸ್ತಾಪವಾದ ದಿನ ಎದ್ದು ಹೊರಗೆ ಹೋಗಿಬರಲು ಮಂಗಳನಲ್ಲಿ ಹೊರಗೇ ಇಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಬಾಗಿಲೊಂದು ಒಬ್ಬೊಬ್ಬರಿಗೂ ಇರಬೇಕು.