ಹೊಗೆ ಓಡಿಸುವ ಫ್ಯಾನು



2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಕೆಲವರು ಹೊಗೆಯಲ್ಲಿ ಉಸಿರುಗಟ್ಟಿ, ಕೆಲವರು ಹೊಗೆ ತಾಳದೆ ಮೇಲಿನಿಂದ ಜಿಗಿದು.

ಹೊಗೆ ಓಡಿಸಲು ಅಗ್ನಿಶಾಮಕರು ಬಳಸುವ ದೊಡ್ಡ ಫ್ಯಾನುಗಳಿವೆ. ಆದರೆ ಫ್ಯಾನೆಂದರೆ ಕುಲುಮೆಯ ತಿದಿಯೂ ಹೌದು! ಮುಚ್ಚಿದ ಕೋಣೆಯಲ್ಲಿ ಗಾಳಿಯಿಲ್ಲದೆ ಕುಗ್ಗಿದ ಬೆಂಕಿ, ಗಾಳಿ ಸಿಕ್ಕೊಡನೆ ಭಗ್ಗನೆ ಏಳುತ್ತದೆ. ಅದಕ್ಕೇ ಮೊದಲು ಬೆಂಕಿಯ ಜಾಗ ಗೊತ್ತಾಗಬೇಕು, ನೀರು ತುಂಬಿದ ಪೈಪು ಕೈಯಲ್ಲಿರಬೇಕು, ಬೆಂಕಿಯ ಪಕ್ಕದಲ್ಲೇ ಹೊಗೆ ಹೋಗಲು ಕಿಟಕಿ ತೆರೆದಿರಬೇಕು. ಆ ದಾರಿಯಲ್ಲಿ ಯಾರೂ ಸಿಕ್ಕಿಕೊಂಡಿರಬಾರದು. ಆಮೇಲೆ ಫ್ಯಾನು. ಅದೂ ಬಾಗಿಲಿಗೆ ಅಂಟಿಸಿ ಅಲ್ಲ. ಗಾಳಿ ಇಡೀ ಬಾಗಿಲನ್ನು ತುಂಬುವಷ್ಟು ಹಿಂದಕ್ಕಿಟ್ಟು.

ಈ ಎಚ್ಚರಿಕೆ ಇಂಗ್ಲಿಷಿನಲ್ಲಿದ್ದರೆ ಹೊಗೆಯಲ್ಲಿ ನಿಂತು ಯಾರು ಅನುವಾದ ಮಾಡುತ್ತಾರೆ? ನಾಲ್ಕೇ ಸಾಲು. ಕನ್ನಡದಲ್ಲಿ ಪುಕ್ಕಟೆ ಅಚ್ಚು ಹಾಕಿಕೊಡಲು ನಾನು ಸಿದ್ಧ. ಇಲಾಖೆ ಕೇಳಲಿ!